ಮ್ಯಾಮೋಗ್ರಾಮ್ ಆದ್ಮೇಲೆ "ಇನ್ನೊಂದ್ಸಲ ಬನ್ನಿ" ಅಂತ ಫೋನ್ ಬಂದಿದೆ, ಮಂಗಳವಾರದ ತನಕ ಹೇಗೆ ಕಳೆಯೋದು?

ಕಾಫಿಪುಡಿ (ಶುಕ್ರವಾರ ರಾತ್ರಿ 11:40)

ಎಲ್ಲರಿಗೂ ನಮಸ್ಕಾರ, ಇಷ್ಟು ದಿನ ಇಲ್ಲಿ ಸುಮ್ನೆ ಓದ್ಕೊಂಡು ಹೋಗ್ತಿದ್ದೋಳು ನಾನು, ಇವತ್ತು ತಡೀಲಾರ್ದೆ ಬರೀತಿದೀನಿ. ನಂಗೆ 44, ಮೈಸೂರು, ಹೈಸ್ಕೂಲ್ ಟೀಚರ್. ನಮ್ಮ ಸ್ಟಾಫ್‌ರೂಮಿನ ನಾಲ್ಕು ಜನ ಸೇರ್ಕೊಂಡು ಒಂದು ಆಸ್ಪತ್ರೇಲಿ ಹೆಲ್ತ್ ಚೆಕಪ್ ಪ್ಯಾಕೇಜ್ ಮಾಡಿಸಿದ್ವಿ, ಶುಗರ್ರು ಥೈರಾಯ್ಡು ಎಲ್ಲದರ ಜೊತೆ ಮ್ಯಾಮೋಗ್ರಾಮೂ ಇತ್ತು. ನಂಗೆ ಗಂಟೂ ಇಲ್ಲ ನೋವೂ ಇಲ್ಲ, ದುಡ್ಡು ಕಟ್ಟಿದೀವಲ್ಲ ಅಂತ ಮಾಡಿಸ್ಕೊಂಡೆ ಅಷ್ಟೇ.

ಇವತ್ತು ಸಾಯಂಕಾಲ ದೇವರಾಜ ಮಾರ್ಕೆಟಲ್ಲಿ ಗೌರಿ ಹಬ್ಬಕ್ಕೆ ಹೂವು ತಗೋತಾ ನಿಂತಿದ್ದೆ, ಫೋನ್ ಬಂತು. "ಮೇಡಂ, ಲೆಫ್ಟ್ ಸೈಡ್ ಇನ್ನೊಂದ್ಸಲ ನೋಡ್ಬೇಕಂತೆ, ಮಂಗಳವಾರ ಬನ್ನಿ." ಯಾಕೆ ಅಂದೆ. "ಅದು ಡಾಕ್ಟರೇ ಹೇಳ್ತಾರೆ ಮೇಡಂ." ನಾಳೇನೇ ಬರ್ಲಾ ಅಂದ್ರೆ ಸ್ಕ್ಯಾನಿಂಗ್ ಡಾಕ್ಟರ್ ಹಬ್ಬಕ್ಕೆ ಊರಿಗೆ ಹೋಗಿದಾರಂತೆ. ಅಷ್ಟೇ, ಇಟ್ಬಿಟ್ರು. ಹೂವಿನೋಳಿಗೆ ದುಡ್ಡು ಕೊಟ್ಟು ಹೂವು ಅಲ್ಲೇ ಬಿಟ್ಟು ಬಂದಿದೀನಿ, ಗೊತ್ತಾಗಿದ್ದು ಮನೆಗೆ ಬಂದ್ಮೇಲೆ.

ಮನೆಯವರಿಗೆ ಹೇಳ್ದೆ. "ಏನೂ ಇರಲ್ಲ ಬಿಡು" ಅಂದ್ರು. ಹತ್ತು ನಿಮಿಷ ಬಿಟ್ಟು ನೋಡಿದ್ರೆ ಬಾತ್‌ರೂಮಲ್ಲಿ ಕೂತು ಅವರೇ ಗೂಗಲ್ ಮಾಡ್ತಿದಾರೆ. ಅತ್ತೆಗೆ ಹೇಳಿಲ್ಲ, ಮಗಳು ಸೆಕೆಂಡ್ ಪಿಯು, ಅವಳಿಗೂ ಹೇಳಿಲ್ಲ. ಭಾನುವಾರ ಗೌರಿ, ಸೋಮವಾರ ಗಣೇಶ, ಮನೆ ತುಂಬ ಜನ. ಬಾಗಿನ ಕೊಡೋವಾಗ ಯಾರಾದ್ರೂ ನೂರು ವರ್ಷ ಬಾಳಮ್ಮ ಅಂದ್ರೆ ಅಲ್ಲೇ ಅತ್ಬಿಡ್ತೀನೇನೋ ಅಂತ ಭಯ. ಈ ಥರ ಫೋನ್ ಬಂದೋರು ಯಾರಾದ್ರೂ ಇದೀರಾ? ಏನಾಯ್ತು ಅನ್ನೋದಕ್ಕಿಂತ ಆ ಮಧ್ಯದ ದಿನಗಳನ್ನ ಹೇಗೆ ದಾಟಿದ್ರಿ ಅಂತ ಹೇಳಿ ಪ್ಲೀಸ್.

ಗಿರ್ಮಿಟ್ (ಶುಕ್ರವಾರ ರಾತ್ರಿ 11:58)

ಅಕ್ಕಾರ, ನಂಗೂ ಹಿಂಗಽ ಆಗಿತ್ತು ನೋಡ್ರಿ, ಎರಡ ವರ್ಷದ ಹಿಂದ, ಹುಬ್ಬಳ್ಳ್ಯಾಗ. ನನ್ನ ಕಡೆ ಫೋನ್ ಮಾಡಿದಾಕಿ ಅಂತೂ "ಅರ್ಜೆಂಟ್ ಏನಿಲ್ರಿ, ಆದ್ರ ಲಗೂನ ಬರ್ರಿ" ಅಂದ್ಲು, ಈಗ ಅದಕ್ಕ ಏನ್ ಅರ್ಥ ಮಾಡ್ಕೋಬೇಕು ಹೇಳ್ರಿ! ಐದ ದಿನ ಕಾದೆ, ರೊಟ್ಟಿ ಬಡಿಯೂ ಮುಂದ ಕೈ ನಡಗತಿತ್ತು. ಹೋದ ಮ್ಯಾಲೆ ಅದಽ ಜಾಗಾ ಸಣ್ಣ ಪ್ಲೇಟ್ ಇಟ್ಟು ಮತ್ತ ಒತ್ತಿ ಎರಡ ಫೋಟೋ ತಗೊಂಡ್ರು, ಇಪ್ಪತ್ತ ನಿಮಿಷಕ್ಕ ಮುಗೀತು. ಚಾದರ ಮಡಚಿ ಇಟ್ರ ನಡುವ ಸುಕ್ಕ ಕಾಣತಾವಲ್ರಿ, ಬಿಡಿಸಿದ್ರ ಏನೂ ಇರೂದಿಲ್ಲ, ಹಂಗ ಆಗಿತ್ತಂತ. ನಿಮ್ದೂ ಹಂಗಽ ಅಂತ ನಾ ಹೇಳಂಗಿಲ್ಲ, ನಾ ಡಾಕ್ಟರ್ ಅಲ್ಲ. ಆದ್ರ ಫೋನ್ ಬಂದದ್ದಕ್ಕೂ ಕ್ಯಾನ್ಸರ್ ಆದದ್ದಕ್ಕೂ ನಡುವ ಭಾಳ ದೊಡ್ಡ ದಾರಿ ಐತ್ರಿ.

ಎಕ್ಸ್‌ರೇ ಅಕ್ಕ (ಶನಿವಾರ ಬೆಳಗ್ಗೆ 6:15)

ನಾನು ಬೆಂಗಳೂರಲ್ಲಿ ಮ್ಯಾಮೋಗ್ರಾಮ್ ತೆಗೆಯೋಳು, ಟೆಕ್ನೀಷಿಯನ್, 19 ವರ್ಷ ಆಯ್ತು. ಡ್ಯೂಟಿಗೆ ಹೋಗೋ ಮುಂಚೆ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಕ್ಷಮಿಸಿ. ಮೇಡಂ, ಮೊದಲ್ನೇ ಸಲ ನಾವು ತೆಗೆಯೋದು ಒಟ್ಟು ನಾಲ್ಕೇ ಫೋಟೋ. ಒಂದೊಂದು ಕಡೆಗೆ ಎರಡು, ಮೇಲಿಂದ ಒತ್ತಿ ಒಂದು, ಓರೆಯಾಗಿ ಒತ್ತಿ ಒಂದು. ಎದೆ ಅನ್ನೋದು ದಪ್ಪ ಇರೋ ವಸ್ತು, ಫೋಟೋ ಚಪ್ಪಟೆ, ಅದಕ್ಕೇ ಒಂದರ ಮೇಲೊಂದು ಪದರ ಕೂತ್ರೆ ಬೆಳ್ಳಗೆ ಮಚ್ಚೆ ಥರ ಕಾಣುತ್ತೆ. ನಲವತ್ತರ ಆಸುಪಾಸಲ್ಲಿ ತುಂಬಾ ಹೆಂಗಸರಿಗೆ ಟಿಶ್ಯೂ ಡೆನ್ಸ್ ಆಗಿರುತ್ತೆ, ಅದೂ ಬೆಳ್ಳಗೆ ಗಂಟೂ ಬೆಳ್ಳಗೆ, ಮಂಜಲ್ಲಿ ಬಿಳಿ ಹಸು ಹುಡುಕಿದ ಹಾಗೆ. ಅದೂ ಅಲ್ದೆ ನಿಮ್ದು ಮೊದಲ್ನೇ ಸಲ ಅನ್ಸುತ್ತೆ? ಹಳೇ ಫಿಲ್ಮ್ ಇದ್ದಿದ್ರೆ ಪಕ್ಕದಲ್ಲಿಟ್ಟು "ಓ ಇದು ಹೋದ ವರ್ಷಾನೂ ಹೀಗೇ ಇತ್ತು" ಅಂತ ಡಾಕ್ಟರ್ ಬಿಟ್ಬಿಡ್ತಾರೆ. ಹೋಲಿಸೋಕೆ ಏನೂ ಇಲ್ದಿದ್ರೆ ಕರೀಲೇಬೇಕು. ಅದಕ್ಕೇ ಮೊದಲ್ನೇ ಸಲದೋರನ್ನ ವಾಪಸ್ ಕರೆಯೋದು ಜಾಸ್ತಿ.

ರಿಪೋರ್ಟಲ್ಲಿ ಬೈರಾಡ್ಸ್ ಅಂತ ಒಂದು ನಂಬರ್ ಇರುತ್ತೆ, ಬಹುಶಃ ನಿಮ್ದು 0. ಟೀಚರ್ ಅಂದ್ರಲ್ಲ, ನಿಮ್ಮ ಭಾಷೇಲೇ ಹೇಳ್ತೀನಿ, ಅದು ಸೊನ್ನೆ ಮಾರ್ಕ್ಸ್ ಅಲ್ಲ, ಪೇಪರ್ ಇನ್ನೂ ತಿದ್ದಿ ಮುಗಿದಿಲ್ಲ ಅಂತ. 1, 2 ಬಂದ್ರೆ ತೊಂದರೆ ಇಲ್ಲ, 3 ಬಂದ್ರೆ ಆರು ತಿಂಗಳು ಬಿಟ್ಟು ನೋಡೋಣ, 4, 5 ಬಂದ್ರೆ ಬಯಾಪ್ಸಿ, ಅಂದ್ರೆ ಸೂಜೀಲಿ ಚೂರು ತೆಗೆದು ಟೆಸ್ಟ್ ಮಾಡೋದು.

ನೀವು ಇವತ್ತೇ ಮಾಡಬೇಕಾದ ಕೆಲ್ಸ ಒಂದಿದೆ. ರೇಡಿಯಾಲಜಿ ಕೌಂಟರಿಗೆ ನೀವೇ ಫೋನ್ ಮಾಡಿ, ಡಾಕ್ಟರ್ ಇಲ್ದಿದ್ರೂ ಟೈಪ್ ಆಗಿರೋ ರಿಪೋರ್ಟ್ ಇರುತ್ತೆ, ಅದನ್ನ ವಾಟ್ಸಾಪಲ್ಲಿ ಕಳ್ಸಿ ಅನ್ನಿ. ಅದು ನಿಮ್ಮ ರಿಪೋರ್ಟ್, ಕೇಳೋದರಲ್ಲಿ ಏನೂ ತಪ್ಪಿಲ್ಲ. ಮಂಗಳವಾರ ಸ್ನಾನ ಮಾಡಿ ಹೋಗಿ, ಆದ್ರೆ ಪೌಡರ್, ಡಿಯೋಡ್ರೆಂಟ್ ಏನೂ ಹಾಕ್ಬೇಡಿ, ಅದರ ಕಣಗಳು ಫೋಟೋದಲ್ಲಿ ಕ್ಯಾಲ್ಸಿಯಂ ಚುಕ್ಕಿ ಥರ ಕಾಣುತ್ತೆ. ಸೀರೆ ಅಥವಾ ಟಾಪ್ ಪ್ಯಾಂಟ್, ಸುಲಭ ಆಗುತ್ತೆ.

ಇನ್ನೊಂದು ಮಾತು, ದಯವಿಟ್ಟು ನಮ್ಮ ಮುಖ ನೋಡಿ ರಿಸಲ್ಟ್ ಓದೋಕೆ ಹೋಗ್ಬೇಡಿ. ಎಷ್ಟೋ ಜನ ಆಮೇಲೆ ಹೇಳ್ತಾರೆ "ಸಿಸ್ಟರ್ ಮಾತೇ ಆಡ್ಲಿಲ್ಲ, ಆಗ್ಲೇ ಗೊತ್ತಾಯ್ತು" ಅಂತ. ನಾನು ಸುಮ್ನಿದ್ದೆ ಅಂದ್ರೆ ಕೆಲವು ಸಲ ಆ್ಯಂಗಲ್ ಬಗ್ಗೆ ಯೋಚಿಸ್ತಿರ್ತೀನಿ, ಕೆಲವು ಸಲ ನನ್ನ ಬಸ್ಸಿನ ಬಗ್ಗೆ.

ಆಯುರ್_ಮಿತ್ರ (ಶನಿವಾರ ಬೆಳಗ್ಗೆ 7:30)

ಸೋದರಿ ಭಯ ಬೇಡ, ಮ್ಯಾಮೋಗ್ರಾಮ್ ರೇಡಿಯೇಷನ್ನಿಂದಲೇ ಕ್ಯಾನ್ಸರ್ ಬರುತ್ತದೆ, ಮತ್ತೆ ಮಾಡಿಸಬೇಡಿ. ಲಕ್ಷ್ಮಣ ಫಲದ ಎಲೆ ಕಷಾಯ ಖಾಲಿ ಹೊಟ್ಟೆಗೆ 21 ದಿನ, ಎಲ್ಲಾ ಗಂಟು ಕರಗುತ್ತದೆ.

ಎಕ್ಸ್‌ರೇ ಅಕ್ಕ (ಶನಿವಾರ ಬೆಳಗ್ಗೆ 7:41)

ಬಸ್ಸಲ್ಲಿ ನಿಂತ್ಕೊಂಡು ಬರೀತಿದೀನಿ ಯಾಕಂದ್ರೆ ಇದನ್ನ ನೋಡಿ ಸುಮ್ನಿರೋಕಾಗಲ್ಲ. ಒಂದು ಮ್ಯಾಮೋಗ್ರಾಮಿನ ರೇಡಿಯೇಷನ್ ಅಂದ್ರೆ ಸುಮಾರು 0.4 ಮಿಲಿಸೀವರ್ಟ್, ಮಣ್ಣು, ಗಾಳಿ, ಆಕಾಶದಿಂದ ನಮಗೆ ಹೇಗೂ ಬೀಳೋ ರೇಡಿಯೇಷನ್ನಿನ ಹತ್ತತ್ರ ಏಳು ವಾರದ ಲೆಕ್ಕ. ಕಷಾಯ ಕುಡಿದು ಆರು ತಿಂಗಳು ಕಳೆದು ಬಂದೋರನ್ನ ನಾನು ಮಷೀನ್ ಮುಂದೆ ನಿಲ್ಸಿದೀನಿ ಸ್ವಾಮಿ. ಅವರ ಮುಖ ನೆನಪಿದೆ ನಂಗೆ. ಇಲ್ಲಿ ಬರೀಬೇಡಿ ಇದನ್ನ.

ಎಡಿಸನ್ ಅತ್ತಿಗೆ (ಶನಿವಾರ ಬೆಳಗ್ಗೆ 8:20)

ನಾನು ನ್ಯೂಜೆರ್ಸಿಲಿರೋದು, ಮೂಲ ಹಾಸನ. ಇಲ್ಲಿ ಫೋನೂ ಇಲ್ಲ ಏನೂ ಇಲ್ಲ, ರಾತ್ರಿ ಹತ್ತೂವರೆಗೆ ಪೋರ್ಟಲಲ್ಲಿ ರಿಪೋರ್ಟ್ ಬಂದು ಬಿದ್ದಿರುತ್ತೆ, ಓದಿದ್ರೆ "ಇನ್ನೂ ಇಮೇಜಿಂಗ್ ಬೇಕು". ಡಾಕ್ಟರ್ ಆಫೀಸು ಬೆಳಗ್ಗೆ ಎಂಟಕ್ಕೆ. ಆ ಒಂಬತ್ತೂವರೆ ಗಂಟೆ ನಾನು ಮನೇಲಿದ್ದ ಅಷ್ಟೂ ಕಾಟನ್ ಸೀರೆ ಇಸ್ತ್ರಿ ಮಾಡಿದೀನಿ, ನಮ್ಮೆಜಮಾನ್ರು ಎದ್ದು ಬಂದು ನೋಡಿ ಯಾರಾದ್ರೂ ಬರ್ತಿದಾರಾ ಅಂದ್ರು. ಇಲ್ಲಿ 100 ಜನ ಮಾಡಿಸಿದ್ರೆ ಸುಮಾರು 10 ಜನರನ್ನ ವಾಪಸ್ ಕರೀತಾರೆ, ಆ ಹತ್ತರಲ್ಲಿ ಒಬ್ಬರಿಗಿಂತ ಕಮ್ಮಿ ಜನಕ್ಕೆ ಕ್ಯಾನ್ಸರ್ ಇರೋದು. ಈ ಲೆಕ್ಕ ನಂಗೆ ಆವತ್ತೇ ಗೊತ್ತಿತ್ತು. ಏನೂ ಉಪಯೋಗ ಆಗ್ಲಿಲ್ಲ, ಆ ಒಬ್ಬಳು ನಾನೇ ಅಂತ ಮನಸ್ಸು ತೀರ್ಮಾನ ಮಾಡ್ಬಿಟ್ಟಿತ್ತು.

ನಂಗೆ ಕೆಲ್ಸಕ್ಕೆ ಬಂದಿದ್ದು ಒಂದೇ. ಆಫೀಸಲ್ಲಿ ಒಬ್ಬಳು ಹೇಳಿಕೊಟ್ಟಿದ್ದು, ಚಿಂತೆಗೆ ಒಂದು ಟೈಮ್ ಕೊಡು ಅಂತ. ಸಾಯಂಕಾಲ 6ರಿಂದ 6:20, ಗ್ಯಾರೇಜಲ್ಲಿ ಕಾರೊಳಗೆ ಕೂತು ಅಳೋದಿದ್ರೆ ಅಳೋದು, ಕೆಟ್ಟದ್ದು ಎಲ್ಲಾ ಯೋಚ್ನೆ ಮಾಡೋದು, ಚೀಟೀಲಿ ಬರೆಯೋದು. ಮಧ್ಯಾಹ್ನ ಬಂದ್ರೆ "ಆರು ಗಂಟೆಗೆ ಬಾ" ಅಂತ ವಾಪಸ್ ಕಳ್ಸೋದು. ಮೊದಲ್ನೇ ದಿನ ತಮಾಷೆ ಅನ್ನಿಸ್ತು, ಮೂರನೇ ದಿನ 6:10ಕ್ಕೇ ಬೋರ್ ಆಗಿ ಎದ್ದು ಬಂದೆ. ನಂದು ಕಡೆಗೆ ನೀರುಗುಳ್ಳೆ, ಸಿಸ್ಟ್ ಅಂತಾರಲ್ಲ ಅದು.

ಲೀಡ್ಸ್ ಮಳೆ (ಶನಿವಾರ ಮಧ್ಯಾಹ್ನ 2:05)

ಚಿಕ್ಕದೊಂದು ಸೇರಿಸ್ತೀನಿ, ಬ್ರಿಟನ್ನಲ್ಲಿ ಲೆಕ್ಕ ಬೇರೆ. ಇಲ್ಲಿ 100ಕ್ಕೆ ಸುಮಾರು 4 ಜನರನ್ನೇ ಕರೆಯೋದು, ಅದರಲ್ಲಿ ನಾಲ್ಕಕ್ಕೆ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತೆ, ಸರ್ಕಾರದವರು ಕರೆಸೋದೇ 50 ದಾಟಿದ್ಮೇಲೆ, ಮೂರು ವರ್ಷಕ್ಕೊಂದ್ಸಲ. ಹಾಗಾಗಿ ಒಂದು ದೇಶದ ನಂಬರ್ ಹಿಡ್ಕೊಂಡು ಇನ್ನೊಂದು ದೇಶದಲ್ಲಿ ಕೂತು ಹೆದರೋದೂ ತಪ್ಪು, ನೆಮ್ಮದಿ ಪಡೋದೂ ತಪ್ಪು.

ಕಾಫಿಪುಡಿ (ಶನಿವಾರ ರಾತ್ರಿ 9:50)

ಎಕ್ಸ್‌ರೇ ಅಕ್ಕ, ನಿಮ್ಮ ಕಾಲಿಗೆ ಬೀಳ್ಬೇಕು. ಫೋನ್ ಮಾಡ್ದೆ, ಮೊದಲು ಇಲ್ಲ ಅಂದ್ರು, ಟೀಚರ್ ದನಿ ತೆಗೆದೆ, ಕಳ್ಸಿದ್ರು. "ಎಡಗಡೆ ಮೇಲ್ಭಾಗ ಹೊರಗಡೆ ಫೋಕಲ್ ಅಸಿಮೆಟ್ರಿ, ಸ್ಪಾಟ್ ವ್ಯೂ ಮತ್ತೆ ಅಲ್ಟ್ರಾಸೌಂಡ್ ಬೇಕು, ಬೈರಾಡ್ಸ್ 0." ಅಂದ್ರೆ ಒಂದು ಕಡೆ ಮಾತ್ರ ಬೇರೆ ಥರ ಕಾಣೋ ಜಾಗ ಇದೆ, ಅಷ್ಟು ಜಾಗ ಮಾತ್ರ ಒತ್ತಿ ಇನ್ನೊಂದ್ಸಲ ಫೋಟೋ ಬೇಕು ಅಂತ. ಅಷ್ಟೇ ಇರೋದು. ವಿಚಿತ್ರ ಅಂದ್ರೆ ಓದಿದ್ಮೇಲೆ ಭಯ ಅರ್ಧಕ್ಕೆ ಇಳೀತು. ನಿನ್ನೆ ರಾತ್ರಿ ಎಲ್ಲಾ ನನ್ನ ತಲೇಲಿ ಆ ಹುಡುಗಿ ಹೇಳ್ದೇ ಬಿಟ್ಟ ವಾಕ್ಯಾನ ನಾನೇ ಬರ್ಕೊಂಡು ಬರ್ಕೊಂಡು ದೊಡ್ಡದು ಮಾಡಿದ್ದೆ. ಮೂರು ಗಂಟೇಲಿ ಮಗಳ ಮದ್ವೆಗೆ ನಾನಿರಲ್ಲ ಅನ್ನೋ ತನಕ ಹೋಗಿದ್ದೆ, ಅವಳಿಗಿನ್ನೂ 17! ಆದ್ರೆ ಎದೆ ಡವಡವ ನಿಂತಿಲ್ಲ, ಕೈ ತಣ್ಣಗಾಗುತ್ತೆ, ಊಟ ಸೇರ್ತಿಲ್ಲ.

ಪಣಂಬೂರು (ಶನಿವಾರ ರಾತ್ರಿ 10:30)

ಹೆಂಗಸರ ಮಧ್ಯೆ ನಾನು ಮಾತಾಡ್ಬಹುದಾ ಗೊತ್ತಿಲ್ಲ, ನಾನೊಬ್ಬ ಗಂಡ. ನಮ್ಮಲ್ಲೂ ಹೀಗೇ ಆದದ್ದು ಉಂಟು ಮಾರಾಯ್ರೆ. ನಾನೂ "ಏನಿಲ್ಲ ಬಿಡು" ಅಂತಲೇ ಹೇಳಿದ್ದು, ಒಂದು ದಿನಕ್ಕೆ ಹತ್ತು ಸಲ. ನಾಲ್ಕನೇ ದಿನ ಅವಳು ಹೇಳಿದ್ಳು, ನೀವು ಹಾಗೆ ಹೇಳುವುದು ನಿಮಗೆ ಧೈರ್ಯ ಬರ್ಲಿಕ್ಕೆ, ನನಗಲ್ಲ ಅಂತ. ಸತ್ಯವೇ. ಆಮೇಲೆ ಎಂತ ಮಾಡಿದೆ ಅಂದ್ರೆ ಫೈಲು ನಾನು ಹಿಡ್ಕೊಂಡೆ, ಅಪಾಯಿಂಟ್‌ಮೆಂಟಿಗೆ ರಜೆ ಹಾಕಿದೆ, ಕೇಳುವ ಪ್ರಶ್ನೆ ಎಲ್ಲ ಒಂದು ಕಾಗದದಲ್ಲಿ ಬರೆದೆ. ಬಾಯಿ ಮುಚ್ಚಿದೆ. ಅದೇ ಒಳ್ಳೇದಾಯ್ತು. ನಿಮ್ಮ ಯಜಮಾನ್ರಿಗೆ ಇದನ್ನು ಓದ್ಲಿಕ್ಕೆ ಕೊಡಿ, ಬಾತ್‌ರೂಮಲ್ಲೇ ಓದ್ಲಿ.

ನಿದ್ದೆಗೆಟ್ಟೋಳು (ಶನಿವಾರ ರಾತ್ರಿ 11:15)

ಆ ಡವಡವ ನಂಗೆ ಚೆನ್ನಾಗಿ ಗೊತ್ತು, ನಂಗೆ ಆ್ಯಂಗ್ಸೈಟಿ ಮೊದಲಿಂದ ಇದೆ, ಮಾತ್ರೆ ತಗೋತೀನಿ, ಮುಚ್ಚಿಡೋಕೆ ಏನಿಲ್ಲ. ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಮಲಗಿ ಹೊರಳಾಡಬೇಡಿ, ಎದ್ದು ಅಡುಗೆಮನೆ ದೀಪ ಹಾಕಿ, ಒಳಗೆ ತಗೊಂಡ ಉಸಿರಿಗಿಂತ ಬಿಡೋ ಉಸಿರು ಉದ್ದ ಇರ್ಲಿ, ನಾಲ್ಕು ಎಣಿಸಿ ಎಳ್ಕೊಳ್ಳಿ, ಆರು ಎಣಿಸಿ ಬಿಡಿ, ಒಂದೈದು ನಿಮಿಷ. ಫೋನ್ ಬೇರೆ ರೂಮಲ್ಲಿಡಿ, ಮೂರು ಗಂಟೆಗೆ ಗೂಗಲ್ ಹೇಳೋದೆಲ್ಲ ಕ್ಯಾನ್ಸರ್ರೇ. ತೀರಾ ತಡೀಲಿಲ್ಲ ಅಂದ್ರೆ 14416, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್ ಅಂತ, 2022ರಲ್ಲಿ ಶುರು ಆಗಿದ್ದು, ಫ್ರೀ, ಹೊತ್ತಲ್ಲದ ಹೊತ್ತಲ್ಲೂ ಎತ್ತುತಾರೆ, ಕನ್ನಡದಲ್ಲೇ ಮಾತಾಡ್ತಾರೆ. ಹುಚ್ಚು ಹಿಡಿದೋರಿಗೆ ಮಾತ್ರ ಅಂದ್ಕೋಬೇಡಿ.

ತುಂಗೆ ದಂಡೆ (ಭಾನುವಾರ ಬೆಳಗ್ಗೆ 5:45)

ಹಬ್ಬದ ದಿನ ಬರೀಬೇಕೋ ಬೇಡ್ವೋ ಅಂತ ಯೋಚ್ನೆ ಮಾಡ್ದೆ. ಶಿವಮೊಗ್ಗ ನಂದು. ಆ ಹತ್ತರಲ್ಲಿ ಒಬ್ಬಳು ಅಂದ್ರಲ್ಲ, ಅದು ನಾನು. 2019, ಆಗ 51. ಹೀಗೇ ಕರೆದ್ರು, ಫೋಟೋ, ಸ್ಕ್ಯಾನಿಂಗು, ಆಮೇಲೆ ಬಯಾಪ್ಸಿ. ಮರಗಟ್ಟೋ ಇಂಜೆಕ್ಷನ್ ಕೊಟ್ಟು ಸೂಜೀಲಿ ಚೂರು ತೆಗೀತಾರೆ, ಸ್ಟೇಪ್ಲರ್ ಹೊಡೆದ ಹಾಗೆ ಟಕ್ ಅಂತ ಸೌಂಡು, ನೋವಿಗಿಂತ ಆ ಸೌಂಡೇ ಜಾಸ್ತಿ ಹೆದರ್ಸೋದು. 9 ಮಿಲಿಮೀಟರ್, ಕೈಗೆ ಸಿಗ್ತಿರ್ಲಿಲ್ಲ. ಗಂಟು ಮಾತ್ರ ತೆಗೆದ್ರು, 15 ದಿನ ರೇಡಿಯೇಷನ್, ಐದು ವರ್ಷ ಮಾತ್ರೆ. ಮಾತ್ರೆ ಮುಗಿದಿದೆ, ಮೊನ್ನೆ ಮೊಮ್ಮಗನ್ನ ಎತ್ಕೊಂಡು ಕೊಡಚಾದ್ರಿಗೆ ಹೋಗಿದ್ದೆ, ಜೀಪಲ್ಲಿ ಅನ್ನಿ.

ಹೆದರ್ಸೋಕೆ ಬರೀತಿಲ್ಲ ತಂಗಿ. ನಂಗೆ ಆಗ ಎಲ್ರೂ "ಏನೂ ಇರಲ್ಲ, ಪಾಸಿಟಿವ್ ಆಗಿರು" ಅಂದಿದ್ರು. ಇದೆ ಅಂತ ಗೊತ್ತಾದಾಗ ನಾನು ಸಾಕಷ್ಟು ಪಾಸಿಟಿವ್ ಆಗಿರ್ಲಿಲ್ಲವೇನೋ ಅಂತ ನನ್ನ ಮೇಲೇ ಸಿಟ್ಟು ಬಂತು, ನೋಡಿ ಎಂಥ ಕೆಲ್ಸ ಮಾಡುತ್ತೆ ಆ ಮಾತು. ಬೆಂಗಳೂರಲ್ಲಿ ಆಟೋದೋನಿಗೆ ಕಿದ್ವಾಯಿ ಅಂದ ಕೂಡ್ಲೇ ಕನ್ನಡೀಲಿ ನನ್ನ ಮುಖ ನೋಡಿ ರೇಡಿಯೋ ಆಫ್ ಮಾಡ್ದ, ಪಾಪ. "ಹಾಕಪ್ಪ, ಹಾಡು ಕೇಳೋಕೆ ಬರುತ್ತೆ ನಂಗೆ" ಅಂದೆ. ನೀನು ಹೆದರ್ಕೋ, ಪರ್ವಾಗಿಲ್ಲ. ಹೆದರ್ಕೊಂಡೇ ಮಂಗಳವಾರ ಹೋಗು. ತಪ್ಪಿಸ್ಬೇಡ, ಅಷ್ಟೇ.

ಗಿರ್ಮಿಟ್ (ಭಾನುವಾರ ಬೆಳಗ್ಗೆ 6:20)

ಅಕ್ಕಾರ, ನಿಮಗ ಶರಣ್ರಿ. ನಾ ಮೊನ್ನೆ ಬರದದ್ದು ಸ್ವಲ್ಪ ಹಗುರಾತು ಅನಸ್ತದ ಈಗ.

ಕಾಫಿಪುಡಿ (ಸೋಮವಾರ ರಾತ್ರಿ 10:15)

ಗಣಪತೀನ ಬಕೆಟಲ್ಲಿ ಬಿಟ್ಟು ಬಂದು ಬರೀತಿದೀನಿ. ತುಂಗೆ ದಂಡೆ ಅಕ್ಕ, ನಿಮ್ಮದನ್ನ ನಾಲ್ಕು ಸಲ ಓದ್ದೆ, ಮೊದಲ್ನೇ ಸಲ ಫೋನ್ ತಲೆಕೆಳಗೆ ಇಟ್ಬಿಟ್ಟೆ, ಸುಳ್ಳು ಹೇಳಲ್ಲ.

ನಿನ್ನೆ ಗೌರಿ ದಾರ ಕಟ್ಟೋ ಮುಂಚೆ ಅತ್ತೆ ದಾರ ನನ್ನ ಕೈಗೆ ಕೊಟ್ಟು ಹದಿನಾರು ಗಂಟು ಸರಿಯಾಗಿದ್ಯಾ ಎಣಿಸು ಅಂದ್ರು. ಒಂದು ಗಂಟು, ಎರಡು ಗಂಟು ಅಂತ ಏಳಕ್ಕೆ ಬರೋಷ್ಟರಲ್ಲಿ ಆ ಪದ ಬಾಯಿಂದ ಹೊರಡ್ತಿಲ್ಲ, ಕಣ್ಣು ತುಂಬ್ಕೊಂಡ್ಬಿಡ್ತು. ಅತ್ತೆ ನೋಡಿದ್ರು. ಒಳಗೆ ಕರ್ಕೊಂಡು ಹೋಗಿ ಬಾಗ್ಲು ಹಾಕಿ ಏನು ಅಂದ್ರು. ಹೇಳ್ದೆ. ಅವರು ಒಂದು ನಿಮಿಷ ಸುಮ್ನಿದ್ದು ಸೆರಗು ಸರ್ಸಿ ಬಲಗಡೆ ಒಂದು ಹಳೇ ಗಾಯದ ಗೆರೆ ತೋರ್ಸಿದ್ರು. ಮೂವತ್ತೆರಡು ವರ್ಷಕ್ಕೆ ಗಂಟು ತೆಗ್ಸಿದ್ರಂತೆ, ಕೆಟ್ಟದ್ದಲ್ಲ ಅಂದ್ರಂತೆ. ಮನೇಲಿ ಮಾವನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ, ತವರಿಗೆ ಹೋಗಿದಾಳೆ ಅಂತ ಎಲ್ರಿಗೂ ಹೇಳಿದ್ದಂತೆ. ಇಪ್ಪತ್ತು ವರ್ಷದಿಂದ ಒಂದೇ ಮನೇಲಿದೀವಿ ನಾವು, ನಂಗೆ ಇದು ಗೊತ್ತಿರ್ಲಿಲ್ಲ. "ನಾಳಿದ್ದು ನಾನೂ ಬರ್ತೀನಿ" ಅಂದ್ರು. ಮಂಡಿ ನೋವು, ಬೇಡ ಅಂದ್ರೂ ಕೇಳ್ತಿಲ್ಲ.

ಚಿಂತೆ ಟೈಮ್ ಟ್ರೈ ಮಾಡ್ದೆ. ನಮ್ಮನೇಲಿ ಗ್ಯಾರೇಜಿಲ್ಲ, ಟೆರೇಸಲ್ಲಿ ನೀರಿನ ಟ್ಯಾಂಕ್ ಹಿಂದೆ ಕೂತೆ, ಎರಡೂ ದಿನ ಪಕ್ಕದ್ಮನೆಯವರು ಹಪ್ಪಳ ತೆಗೆಯೋಕೆ ಬಂದು ಮಾತಿಗೆಳೆದ್ರು. ಅಷ್ಟರ ಮಟ್ಟಿಗೆ ಅದೂ ಕೆಲ್ಸ ಮಾಡ್ತು ಅನ್ನಿ.

ಎಕ್ಸ್‌ರೇ ಅಕ್ಕ (ಸೋಮವಾರ ರಾತ್ರಿ 10:40)

ಅತ್ತೆಯವರನ್ನ ಕರ್ಕೊಂಡೇ ಹೋಗಿ. ಆದ್ರೆ ಫಾರ್ಮಲ್ಲಿ ಫ್ಯಾಮಿಲಿ ಹಿಸ್ಟರಿ ಅಂತ ಕೇಳಿದಾಗ ಅತ್ತೇದು ನಿಮ್ಮ ಲೆಕ್ಕಕ್ಕೆ ಬರಲ್ಲ, ನಿಮ್ಮ ಅಮ್ಮ, ಅಕ್ಕ ತಂಗಿ, ಚಿಕ್ಕಮ್ಮ ದೊಡ್ಡಮ್ಮ, ಸೋದರತ್ತೆ, ಇವರದ್ದು ಬರುತ್ತೆ. ಅಪ್ಪನ ಕಡೇದೂ ಅಷ್ಟೇ ಮುಖ್ಯ, ಎಷ್ಟೋ ಜನ ಅಮ್ಮನ ಕಡೆ ಮಾತ್ರ ಹೇಳಿ ಬಿಡ್ತಾರೆ. ಅತ್ತೇದು ನಿಮ್ಮ ಮಗಳ ಲೆಕ್ಕಕ್ಕೆ. ಕೆಟ್ಟದ್ದಲ್ಲ ಅಂದಿದ್ರೆ ದೊಡ್ಡ ವಿಷ್ಯ ಏನಲ್ಲ, ಆದ್ರೂ ಆಗಿನ ಚೀಟಿ ಎಲ್ಲಾದ್ರೂ ಇದ್ರೆ ತೆಗೆದಿಡಿ.

ಕಾಫಿಪುಡಿ (ಮಂಗಳವಾರ ಮಧ್ಯಾಹ್ನ 3:30)

ಆಯ್ತು. ಮನೆಗೆ ಬಂದು ಮೊಸರನ್ನ ತಿಂದು ಬರೀತಿದೀನಿ, ನಾಲ್ಕು ದಿನ ಆದ್ಮೇಲೆ ಮೊದಲ್ನೇ ಸಲ ರುಚಿ ಗೊತ್ತಾಯ್ತು.

ಸಣ್ಣ ಪ್ಲೇಟಲ್ಲಿ ಒತ್ತಿ ಮೂರು ಫೋಟೋ ತೆಗೆದ್ರು, ಜೋರಾಗೇ ನೋಯ್ತು, ಆದ್ರೆ ಹತ್ತು ಎಣಿಸೋಷ್ಟರಲ್ಲಿ ಬಿಟ್ರು. ಅವರು ಕರೆದಿದ್ದ ಮಚ್ಚೆ ಹರಡ್ಕೊಂಡು ಮಾಯ ಆಯ್ತು, ಗಿರ್ಮಿಟ್ ಅವರ ಚಾದರವೇ ಅದು. ಇಲ್ಲಿಗೆ ಮುಗೀತು ಅಂದ್ಕೊಂಡ್ರೆ ಅಲ್ಟ್ರಾಸೌಂಡಲ್ಲಿ ಬೇರೆ ಜಾಗದಲ್ಲಿ ಇನ್ನೊಂದು ಸಿಕ್ತು, 7 ಮಿಲಿಮೀಟರ್, ಅಂಡಾಕಾರ, ಅಂಚು ನುಣ್ಣಗಿದೆ, ಫೈಬ್ರೋಅಡಿನೋಮಾ, ಅಂದ್ರೆ ಕ್ಯಾನ್ಸರ್ ಅಲ್ಲದ ಗಂಟು, ಆ ಥರ ಕಾಣುತ್ತೆ ಅಂದ್ರು. ಬೈರಾಡ್ಸ್ 3, ಆರು ತಿಂಗಳು ಬಿಟ್ಟು ಬನ್ನಿ. ನಾನು ಅಲ್ಲೇ, ಈಗಲೇ ಬಯಾಪ್ಸಿ ಮಾಡಿ ಮುಗಿಸ್ಬಾರ್ದಾ ಅಂದೆ. ಡಾಕ್ಟರ್ ಕುರ್ಚಿ ನನ್ನ ಕಡೆ ತಿರುಗ್ಸಿ ಹೇಳಿದ್ರು, ಈ ಗುಂಪಲ್ಲಿ ಕ್ಯಾನ್ಸರ್ ಆಗಿರೋ ಸಾಧ್ಯತೆ 100ಕ್ಕೆ 2ರ ಒಳಗೆ, ಅದಕ್ಕೋಸ್ಕರ ಎಲ್ಲರಿಗೂ ಸೂಜಿ ಹಾಕಲ್ಲ, ಬೆಳೀತಿದ್ಯಾ ಅಂತ ನೋಡ್ತೀವಿ, ನಿಮಗೆ ನಿದ್ದೇನೇ ಬರ್ದಿದ್ರೆ ಬಂದು ಹೇಳಿ, ಆಗ ಮಾತಾಡೋಣ. ಫೋನ್ ಮಾಡ್ದಾಗ ಈ ಎರಡು ನಿಮಿಷ ಯಾರಾದ್ರೂ ಮಾತಾಡಿದ್ರೆ ನಂಗೆ ನಾಲ್ಕು ರಾತ್ರಿ ಉಳೀತಿತ್ತು, ಅಂತ ಅವರಿಗೇ ಹೇಳ್ಬಿಟ್ಟೆ. ಸಾರಿ ಅಂದ್ರು.

ಅತ್ತೆ ಹೊರಗೆ ಕೂತು ಅಲ್ಲಿದ್ದ ಇಬ್ಬರು ಹೆಂಗಸರಿಗೆ ತಮ್ಮ ಆಪರೇಷನ್ ಕಥೆ ಹೇಳ್ತಿದ್ರು! ಅಷ್ಟು ವರ್ಷ ಮುಚ್ಚಿಟ್ಟಿದ್ದು ಒಂದೇ ವಾರದಲ್ಲಿ ಮೂರು ಜನಕ್ಕೆ.

ಈಗ ಖುಷಿ ಪಡಬೇಕೋ ಇನ್ನಾರು ತಿಂಗಳು ಕಾಯಬೇಕಲ್ಲ ಅಂತ ಅಳಬೇಕೋ ಗೊತ್ತಾಗ್ತಿಲ್ಲ.

ಎಡಿಸನ್ ಅತ್ತಿಗೆ (ಮಂಗಳವಾರ ಸಂಜೆ 5:10)

ಎರಡೂ ಮಾಡಿ, ಆರು ಗಂಟೆಗೆ. ಇನ್ನೇನು ಐವತ್ತೇ ನಿಮಿಷ ಇದೆ.

ಗಿರ್ಮಿಟ್ (ಮಂಗಳವಾರ ಸಂಜೆ 5:25)

ಆರ ತಿಂಗಳಂದ್ರ ಮಾರ್ಚ್ ಆತ್ರಿ, ನಿಮಗ ಎಸ್ಸೆಸ್ಸೆಲ್ಸಿ ಗದ್ದಲಾ. ಪರೀಕ್ಷಾ ಡ್ಯೂಟಿ ಐತಿ ಅಂತ ಮುಂದ ಹಾಕಬ್ಯಾಡ್ರಿ ಮತ್ತ, ನಾ ನೆನಪ ಮಾಡತೀನಿ.

ಕಾಫಿಪುಡಿ (ಮಂಗಳವಾರ ಸಂಜೆ 6:30)

ಮಾರ್ಚ್ ಎರಡನೇ ವಾರಕ್ಕೆ ಅಲಾರಂ ಇಟ್ಟೆ. ಎಕ್ಸ್‌ರೇ ಅಕ್ಕ, ಒಂದು ದೊಡ್ಡ ಕವರು, ಒಳಗೆ ಫಿಲ್ಮು, ಒಂದು ಸಿಡಿ ಕೊಟ್ಟಿದಾರೆ. ನಮ್ಮನೇಲಿ ಸಿಡಿ ಹಾಕೋ ಕಂಪ್ಯೂಟರೇ ಇಲ್ಲ, ಇದನ್ನೇನು ಮಾಡ್ಲಿ?

ಎಕ್ಸ್‌ರೇ ಅಕ್ಕ (ಮಂಗಳವಾರ ರಾತ್ರಿ 8:05)

ಹಾಕ್ಲೇಬೇಡಿ, ನೀವು ನೋಡಿದ್ರೆ ಎಲ್ಲಾ ಮಚ್ಚೇನೂ ಗಂಟೇ. ಬೀರೂಲಿ ರೇಷ್ಮೆ ಸೀರೆ ಕೆಳಗೆ ಚಪ್ಪಟೆಯಾಗಿ ಇಡಿ, ಮಡಚಬೇಡಿ, ಬಿಸಿಲಿಗಿಡ್ಬೇಡಿ. ಮಾರ್ಚಲ್ಲಿ ಯಾವ ಆಸ್ಪತ್ರೆಗೆ ಹೋದ್ರೂ ಅದನ್ನ ತಗೊಂಡ್ಹೋಗಿ. ನಿಮ್ಮ ಹತ್ರ ಈಗ ಹಳೇ ಫಿಲ್ಮ್ ಇದೆ.

ಕಾಫಿಪುಡಿ (ಮಂಗಳವಾರ ರಾತ್ರಿ 8:20)

ಇಟ್ಟೆ. ಅತ್ತೆ ಅವರ ಹಳೇ ಚೀಟಿ ಹುಡುಕೋಕೆ ಟ್ರಂಕ್ ಇಳಿಸಿ ಅಂತ ಮಗನ್ನ ಕರೀತಿದಾರೆ, ಬಂದೆ ಇರಿ.